ದಮಾಸ್ಕಸ್‌ನ ಶೈಖ್ ಮತ್ತು ಪಾದ್ರಿಯ ಮಗ

ಇಂಗ್ಲಿಷ್ ಬಲ್ಲ ಮುಸ್ಲಿಮ್ ಮನೆಗಳ ಕಪಾಟಿನಲ್ಲಿ ಪವಿತ್ರ ಕುರ್‌ಆನಿನ ಹಳೆಯ ಇಂಗ್ಲಿಷ್ ಅನುವಾದವೊಂದಿದ್ದರೆ ಅದು ಹೆಚ್ಚಾಗಿ ಅಬ್ದುಲ್ಲಾ ಯೂಸುಫ್ ಅಲಿಯವರದು, ಇಲ್ಲವೇ ಮಾರ್ಮಡ್ಯೂಕ್ ಪಿಕ್ತಾಲರದು. ಪಿಕ್ತಾಲರ ಹೆಸರು ಗೊತ್ತಿರುವವರು ಬಹಳ. ಆದರೆ ಅವರು ಸತ್ಯವಿಶ್ವಾಸದ ಹೊಸ್ತಿಲಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ನಿಂತಿದ್ದರು, ಮೊದಲ ಬಾರಿ ಅವರನ್ನು ಆ ಹೊಸ್ತಿಲಲ್ಲಿ ತಡೆದವರು ಒಬ್ಬ ಮುಸ್ಲಿಮ್ ವಿದ್ವಾಂಸರೇ ಎಂಬುದು ಹೆಚ್ಚಿನವರಿಗೆ ತಿಳಿಯದು.

ಪಿಕ್ತಾಲರು ಹುಟ್ಟಿದ್ದು 1875ರ ಎಪ್ರಿಲ್ 7ರಂದು, ಲಂಡನಿನಲ್ಲಿ. ತಂದೆ ಚಾರ್ಲ್ಸ್ ಪಿಕ್ತಾಲ್ ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ ಆಂಗ್ಲಿಕನ್ ಚರ್ಚಿನ ಪಾದ್ರಿ. ಮಗುವಿಗೆ ಆರು ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. ತಾಯಿಯೇ ಸಾಕಿ ಬೆಳೆಸಿದರು. ಪ್ರಾರ್ಥನೆ, ಭಾನುವಾರದ ಚರ್ಚು, ಬೈಬಲ್ ಪಾಠ ಇವೆಲ್ಲ ಆ ಮನೆಯ ಗಾಳಿಯಲ್ಲೇ ಇದ್ದವು. ಹುಡುಗನೂ ಅದನ್ನು ಬಾಯಿಮಾತಿಗಲ್ಲ, ಮನಸಾರೆ ನಂಬಿದ್ದ. ಶ್ರೀಮಂತರ ಮಕ್ಕಳು ಓದುವ ಹ್ಯಾರೋ ಶಾಲೆಗೆ ಸೇರಿಸಿದರು. ಮುಂದೆ ಬ್ರಿಟನಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್ ಅಲ್ಲಿ ಅವರ ಸಮಕಾಲೀನ ವಿದ್ಯಾರ್ಥಿ. ನಾಚಿಕೆ ಸ್ವಭಾವದ ಪಿಕ್ತಾಲರಿಗೆ ಆ ಶಾಲೆ ಹಿಡಿಸಲಿಲ್ಲ. ಬಳಿಕ ಪೂರ್ವ ದೇಶಗಳ ರಾಯಭಾರ ಕಚೇರಿಗಳ ನೌಕರಿಗಾಗಿ ಪರೀಕ್ಷೆಗೆ ಕೂತರು. ಕೆಲಸ ಸಿಗುವಷ್ಟು ಮೇಲಿನ ಸ್ಥಾನ ಬರಲಿಲ್ಲ.

ಸೋತ ಮಗನನ್ನು ತಾಯಿ ಜರೆಯಲಿಲ್ಲ. ಅರಬೀ ಕಲಿತರೆ ಮುಂದೆ ಏನಾದರೂ ದಾರಿಯಾದೀತೆಂದು 1894ರಲ್ಲಿ ಪೂರ್ವಕ್ಕೆ ಕಳುಹಿಸಿದರು. ಹದಿನೆಂಟು ದಾಟಿದ್ದ ಹುಡುಗ ಈಜಿಪ್ಟ್, ಫೆಲೆಸ್ತೀನ್, ಸಿರಿಯಾಗಳಲ್ಲಿ ಸುತ್ತಿದ. ಅಲ್ಲಿ ನೆಲೆಸಿದ್ದ ಐರೋಪ್ಯರಂತೆ ದೂರ ನಿಲ್ಲದೆ ಊರ ಜನರ ಉಡುಪು ತೊಟ್ಟ, ಅವರ ಜೊತೆ ಉಂಡ, ಅವರ ಭಾಷೆಯಲ್ಲಿ ಹರಟಿದ. ಇದನ್ನು ಕಂಡು ಐರೋಪ್ಯರು ಮೂಗು ಮುರಿದರು. ಆ ಜನರ ಬಡತನದಲ್ಲೂ ಇದ್ದ ಸಂತೃಪ್ತಿ, ಅಪರಿಚಿತನಿಗೂ ತೆರೆದಿದ್ದ ಮನೆಬಾಗಿಲು ಅವನ ಮನಸ್ಸನ್ನು ಸೆಳೆದವು.

ಹೀಗೆ ಸುತ್ತುತ್ತಾ ದಮಾಸ್ಕಸ್ ತಲುಪಿದಾಗ ಅಲ್ಲಿನ ಉಮವೀ ಜಾಮಿಅ ಮಸೀದಿಯ ವಯೋವೃದ್ಧ ಶೈಖರ ಬಳಿ ಅರಬೀ ಪಾಠಕ್ಕೆ ಕೂತರು. ಕುರ್‌ಆನಿನ ಪರಿಚಯವೂ ಆಯಿತು. ಒಂದು ದಿನ, ತಾನು ಇಸ್ಲಾಮ್ ಸ್ವೀಕರಿಸಬೇಕೆಂದಿದ್ದೇನೆ ಎಂದು ಗುರುಗಳೊಡನೆ ಹೇಳಿಯೇಬಿಟ್ಟರು.

ಆಂಗ್ಲ ಪಾದ್ರಿಯ ಮಗ, ಹ್ಯಾರೋದಲ್ಲಿ ಓದಿದವನು, ತಾನಾಗಿ ಬಂದು ಕೇಳುತ್ತಿದ್ದಾನೆ. ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಕೂಡಲೇ ನಾಲ್ಕು ಜನರನ್ನು ಸೇರಿಸುತ್ತಿದ್ದೆವು. ಶೈಖರು ಹಾಗೆ ಮಾಡಲಿಲ್ಲ. ನಿನ್ನ ತಾಯಿ ಬದುಕಿದ್ದಾರಲ್ಲವೇ ಎಂದು ನೆನಪಿಸಿದರು. ಇನ್ನೂ ದೊಡ್ಡವನಾಗು, ನಿನ್ನ ನಾಡಿಗೆ ಮರಳಿ ಮನೆಯವರ ನಡುವೆ ನಿಂತು ಯೋಚಿಸು ಎಂದರು. ತಮ್ಮ ಸ್ವಂತ ಮಗ ಕ್ರೈಸ್ತರ ನಡುವೆ ಒಬ್ಬಂಟಿಯಾಗಿದ್ದಾಗ ಅಲ್ಲಿನ ಗುರು ಅವನನ್ನು ಮತಾಂತರಿಸಿದರೆ ತಮಗೆ ಹೇಗಾದೀತೆಂದು ಯೋಚಿಸಿಯೇ ಅವರು ಈ ಹುಡುಗನೊಡನೆ ಹಾಗೆ ನಡೆದುಕೊಂಡರು.

ಇಲ್ಲಿ ಓದುಗರಿಗೆ ಒಂದು ಪ್ರಶ್ನೆ ಏಳಬಹುದು. ಸತ್ಯ ಮನದಟ್ಟಾದ ಮೇಲೆ ಶಹಾದತ್ ಕಲಿಮವನ್ನು ಒಂದು ದಿನವಾದರೂ ಮುಂದೂಡಲು ಹೇಳುವುದು ಸರಿಯೇ? ಮರಣ ಯಾರಿಗಾಗಿ ಕಾದಿದೆ? ಪ್ರಶ್ನೆ ನ್ಯಾಯವಾದುದೇ. ಆದರೆ ಶೈಖರು ಕಂಡದ್ದು ಮನದಟ್ಟಾದ ಹೃದಯವನ್ನಲ್ಲ, ಮರುಳಾದ ಕಣ್ಣುಗಳನ್ನು. ಪಿಕ್ತಾಲರೇ ಮುಂದೆ ಇದನ್ನು ಒಪ್ಪಿಕೊಂಡರು. ಆಗ ತನ್ನನ್ನು ಎಳೆದದ್ದು ಪೂರ್ವದ ಸೊಬಗು ಮತ್ತು ಸಡಗರ, ಧರ್ಮದ ಕುರಿತು ತಾನು ಸಾಕಷ್ಟು ಚಿಂತಿಸಿರಲಿಲ್ಲ, ಅಂದೇ ಮುಸ್ಲಿಮನಾಗಿದ್ದರೆ ಬಳಿಕ ಪಶ್ಚಾತ್ತಾಪ ಪಡುತ್ತಿದ್ದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂಬುದನ್ನು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಆ ಶೈಖರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಅವಸರವೂ ಬೇಡವೆಂದರು.

ಪಿಕ್ತಾಲರು ಊರಿಗೆ ಮರಳಿದರು. 1896ರಲ್ಲಿ ಮ್ಯೂರಿಯಲ್ ಸ್ಮಿತ್ ಅವರನ್ನು ಮದುವೆಯಾದರು. ಕಾದಂಬರಿಕಾರರಾದರು. ಸಿರಿಯಾದ ಒಬ್ಬ ಬೆಸ್ತನ ಕಥೆ ಹೇಳುವ 'ಸಯೀದ್ ದಿ ಫಿಶರ್‌ಮನ್' 1903ರಲ್ಲಿ ಬಂದು ಅವರಿಗೆ ಹೆಸರು ತಂದಿತು. ಚರ್ಚಿಗೆ ತಪ್ಪದೆ ಹೋಗುತ್ತಿದ್ದರು.

ಅಲುಗಾಟ ಶುರುವಾದದ್ದು 1912ರಲ್ಲಿ. ಬಾಲ್ಕನ್ ರಾಷ್ಟ್ರಗಳು ಉಸ್ಮಾನೀ ತುರ್ಕಿಯ ಮೇಲೆ ಯುದ್ಧಕ್ಕಿಳಿದವು. ಆ ಪ್ರದೇಶದ ಸಾವಿರಾರು ಮುಸ್ಲಿಮರು ಕೊಲೆಯಾದರು, ಮನೆಮಠ ಕಳೆದುಕೊಂಡು ನಿರಾಶ್ರಿತರಾದರು. ಇಂಗ್ಲೆಂಡಿನಲ್ಲಿ ಅನೇಕರು ಇದನ್ನು ಶಿಲುಬೆಯ ವಿಜಯವೆಂದು ಕೊಂಡಾಡಿದರು. ಪಿಕ್ತಾಲರು ಆಗ ಸಸೆಕ್ಸ್ ಪ್ರಾಂತ್ಯದ ಹಳ್ಳಿಯಲ್ಲಿದ್ದರು. ಒಂದು ಭಾನುವಾರ ಅಲ್ಲಿನ ಚರ್ಚಿನಲ್ಲಿ ಮುಸ್ಲಿಮರನ್ನು ಸೈತಾನನ ಬಳಗವೆಂದು ಹಳಿಯುವ ಹಳೆಯ ಸ್ತೋತ್ರವೊಂದನ್ನು ಹಾಡಿಸಲಾಯಿತು. ಪಿಕ್ತಾಲರಿಗೆ ಅದು ಬಾಣದಂತೆ ನಾಟಿತು. ತಾನು ಉಂಡ ಮನೆಗಳು, ತನ್ನನ್ನು ತಾಯಿಯ ಬಳಿಗೆ ಮರಳಿಸಿದ ಶೈಖರು, ಇವರೇ ಆ ಸೈತಾನನ ಬಳಗವೇ? ಪ್ರವಾದಿ ಈಸಾ(ಅ) ಅಂದು ಆ ಚರ್ಚಿನೊಳಗೆ ಬಂದಿದ್ದರೆ ಈ ಹಾಡನ್ನು ಮೆಚ್ಚುತ್ತಿದ್ದರೇ? ಈ ಚಿಂತೆ ಅವರನ್ನು ಬಿಡಲಿಲ್ಲ.

ದೇವನನ್ನು ಅವರು ಎಂದೂ ಕಳೆದುಕೊಂಡಿರಲಿಲ್ಲ. ಅವನು ಒಂದು ಜನಾಂಗದ ಪಕ್ಷ ವಹಿಸುವವನು ಎಂಬ ಕಲ್ಪನೆ ಮಾತ್ರ ಸಹಿಸಲಾಗದಾಯಿತು. 1913ರಲ್ಲಿ ತುರ್ಕಿಗೆ ಹೋಗಿ ಕೆಲವು ತಿಂಗಳು ಇದ್ದರು, ತುರ್ಕೀ ಭಾಷೆ ಕಲಿತರು. ಈ ಬಾರಿ ಅವರು ಕಂಡದ್ದು ಹದಿಹರೆಯದ ಕಣ್ಣಿನ ಸೊಬಗನ್ನಲ್ಲ. ಸೋಲಿನಲ್ಲಿ, ಸಂಕಟದಲ್ಲಿ ಇದ್ದ ಒಂದು ಮುಸ್ಲಿಮ್ ಸಮಾಜವನ್ನು.

1914ರಲ್ಲಿ ಮಹಾಯುದ್ಧ ಆರಂಭವಾಗಿ ತುರ್ಕಿಯು ಬ್ರಿಟನಿನ ಶತ್ರುವಾಯಿತು. ತುರ್ಕಿಯ ಪರವಾಗಿ ಬರೆದವರು ದೇಶದ್ರೋಹಿಗಳಂತೆ ಕಾಣತೊಡಗಿದರು. ಪಿಕ್ತಾಲರ ಅರಬೀ ಪಾಂಡಿತ್ಯ ಸರಕಾರಕ್ಕೆ ಬಹಳ ಉಪಯೋಗವಾಗುತ್ತಿತ್ತು, ಆದರೆ ತುರ್ಕರ ಮಿತ್ರನೆಂಬ ಕಾರಣಕ್ಕೆ ದೂರವಿಡಲಾಯಿತು. ಮುಸ್ಲಿಮನಾಗಲು ಇದಕ್ಕಿಂತ ಕೆಟ್ಟ ಹೊತ್ತು ಒಬ್ಬ ಆಂಗ್ಲನಿಗೆ ಇರಲಾರದು. ಲಾಭ ಒಂದೂ ಇರಲಿಲ್ಲ. ಆ ಹೊತ್ತಿನಲ್ಲೇ, 1917ರ ನವೆಂಬರ್ 29ರಂದು, ಲಂಡನಿನ ನಾಟಿಂಗ್ ಹಿಲ್‌ನಲ್ಲಿ ಇಸ್ಲಾಮ್ ಮತ್ತು ಪ್ರಗತಿಯ ಕುರಿತು ನೀಡಿದ ಉಪನ್ಯಾಸದ ಕೊನೆಯಲ್ಲಿ ಅವರು ತಾನು ಮುಸ್ಲಿಮನೆಂದು ಬಹಿರಂಗವಾಗಿ ಸಾರಿದರು. ಆಗ ಅವರ ವಯಸ್ಸು 42. ಮಾರ್ಮಡ್ಯೂಕ್ ಪಿಕ್ತಾಲರು ಮುಹಮ್ಮದ್ ಮಾರ್ಮಡ್ಯೂಕ್ ಪಿಕ್ತಾಲರಾದರು. ಮರುವರ್ಷ ಸೈನ್ಯಕ್ಕೆ ಕಡ್ಡಾಯ ಕರೆ ಬಂದಾಗ ಹೋದರು. ತುರ್ಕರ ವಿರುದ್ಧ ಹೋರಾಡುವುದಿಲ್ಲ ಎಂಬ ಒಂದು ಮಾತನ್ನು ಮಾತ್ರ ಬಿಡಲಿಲ್ಲ. ಸೈನ್ಯದ ಸಾಂಕ್ರಾಮಿಕ ರೋಗಿಗಳ ಆಸ್ಪತ್ರೆಯಲ್ಲಿ ಅವರಿಗೆ ಕೆಲಸ ಸಿಕ್ಕಿತು. 1919ರಲ್ಲಿ ಲಂಡನಿನ ಮುಸ್ಲಿಮರಿಗೆ ನಮಾಝ್‌ನಲ್ಲಿ ಇಮಾಮರಾಗಿಯೂ ನಿಂತರು.

1920ರಲ್ಲಿ 'ಬಾಂಬೆ ಕ್ರಾನಿಕಲ್' ಪತ್ರಿಕೆಯ ಸಂಪಾದಕರಾಗಿ ಮುಂಬಯಿಗೆ ಬಂದರು. ಖಿಲಾಫತ್ ಚಳುವಳಿಯನ್ನೂ ಗಾಂಧೀಜಿಯವರ ಅಸಹಕಾರವನ್ನೂ ಬೆಂಬಲಿಸಿ ಬರೆದರು. ಆಂಗ್ಲನೊಬ್ಬ ಆಂಗ್ಲರ ಆಳ್ವಿಕೆಯ ವಿರುದ್ಧ! 1924ರಲ್ಲಿ ಆ ಹುದ್ದೆ ಬಿಟ್ಟು ಮರುವರ್ಷ ನಿಝಾಮರ ಹೈದರಾಬಾದಿನಲ್ಲಿ ಚಾದರ್‌ಘಾಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ನಮ್ಮ ಬೀದರ್, ಕಲಬುರ್ಗಿ, ರಾಯಚೂರು ಅಂದು ಅದೇ ಸಂಸ್ಥಾನದಲ್ಲಿದ್ದವು. 1927ರಲ್ಲಿ 'ಇಸ್ಲಾಮಿಕ್ ಕಲ್ಚರ್' ತ್ರೈಮಾಸಿಕ ಅವರ ಸಂಪಾದಕತ್ವದಲ್ಲಿ ಆರಂಭವಾಯಿತು.

ಕುರ್‌ಆನಿನ ಇಂಗ್ಲಿಷ್ ಅನುವಾದಗಳು ಮೊದಲೇ ಇದ್ದವು. ಅವುಗಳಲ್ಲಿ ಪ್ರಸಿದ್ಧವಾದವು ಅದನ್ನು ದೇವವಾಣಿಯೆಂದು ನಂಬದವರು ಮಾಡಿದವು. ನಂಬುವವನೊಬ್ಬ ತನ್ನ ಮಾತೃಭಾಷೆಯಲ್ಲಿ ಅದರ ಅರ್ಥವನ್ನು ಹೇಳಬೇಕೆಂಬುದು ಪಿಕ್ತಾಲರ ಹಂಬಲ. ನಿಝಾಮರು ಪೂರ್ಣ ವೇತನದೊಂದಿಗೆ ಎರಡು ವರ್ಷಗಳ ರಜೆ ಕೊಟ್ಟರು. ಕೆಲಸ ಮುಗಿಯುತ್ತಾ ಬಂದಾಗ 1929ರಲ್ಲಿ ಕೈರೋಗೆ ಹೋಗಿ, ವಿದ್ವಾಂಸ ಮುಹಮ್ಮದ್ ಅಹ್ಮದ್ ಅಲ್ ಗಮ್‌ರಾವೀಯವರ ಜೊತೆ ಕೂತು ತಿದ್ದಿದರು. ಅಲ್ ಅಝ್‌ಹರಿನ ಹಿರಿಯರಲ್ಲಿ ಅನೇಕರಿಗೆ ಕುರ್‌ಆನನ್ನು ಅನುವಾದಿಸುವುದೇ ಒಪ್ಪಿಗೆಯಿರಲಿಲ್ಲ. ಹಿಂದೆ ಅಲ್ಲಿನ ಮುಖ್ಯಸ್ಥರಾಗಿದ್ದ ಶೈಖ್ ಮುಸ್ತಫಾ ಅಲ್ ಮರಾಗೀ ಧೈರ್ಯ ಹೇಳಿದರು. ಕುರ್‌ಆನ್ ಅನುವಾದಕ್ಕೆ ಸಿಗುವ ಗ್ರಂಥವಲ್ಲ ಎಂದು ಪಿಕ್ತಾಲರೂ ನಂಬಿದ್ದರು. ಆದ್ದರಿಂದಲೇ 1930ರಲ್ಲಿ ಪ್ರಕಟವಾದ ಗ್ರಂಥಕ್ಕೆ ಕುರ್‌ಆನಿನ ಅರ್ಥ ಎಂದಷ್ಟೇ ಹೆಸರಿಟ್ಟರು.

1935ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. 1936ರ ಮೇ 19ರಂದು ಕಾರ್ನ್‌ವಾಲ್‌ನ ಸೇಂಟ್ ಐವ್ಸ್‌ನಲ್ಲಿ ಇಹಲೋಕ ತ್ಯಜಿಸಿದರು. ಲಂಡನಿನಿಂದ ಕೆಲವು ಗಂಟೆ ದೂರವಿಲ್ಲದ ಬ್ರೂಕ್‌ವುಡ್‌ನ ಮುಸ್ಲಿಮ್ ದಫನ ಭೂಮಿಯಲ್ಲಿ ಅವರ ಕಬರ್ ಇದೆ. 1953ರಲ್ಲಿ ಅಬ್ದುಲ್ಲಾ ಯೂಸುಫ್ ಅಲಿಯವರನ್ನು ದಫನ ಮಾಡಿದ್ದೂ ಅಲ್ಲೇ.