ಮಂಗಳೂರಿಗೆ ಸರ್ವಋತು ಬಂದರು ಕೊಡಿಸಿದ ಉಳ್ಳಾಲ ಶ್ರೀನಿವಾಸ ಮಲ್ಯ

ವರ್ತಕ ನಗರ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಥಾಣೆ ಖಾಡಿಯ ಉಬ್ಬರವಿಳಿತ ಚಿರಪರಿಚಿತ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಮುಂಬಯಿ ಪರಿಸರದ ನೀರು 4 ಮೀಟರಿಗೂ ಮಿಕ್ಕಿ ಏರಿಳಿಯುತ್ತದೆ. ನಮ್ಮಲ್ಲಿ ಅನೇಕರ ತವರಾದ ಮಂಗಳೂರಿನಲ್ಲಿ ಈ ಏರಿಳಿತ ಅದರ ಅರ್ಧದಷ್ಟೂ ಇಲ್ಲ. ಆದರೂ ಅಲ್ಲಿನ ಹಳೆಯ ಬಂದರು ದೊಡ್ಡ ಹಡಗುಗಳಿಗೆ ಎಟುಕದ ತಾಣವಾಗಿಯೇ ಉಳಿದಿತ್ತು. ಆ ಕೊರತೆಯನ್ನು ನೀಗಿಸಲು ಪಣತೊಟ್ಟ ಧುರೀಣರು ದಿವಂಗತ ಉಳ್ಳಾಲ ಶ್ರೀನಿವಾಸ ಮಲ್ಯರು.

1902ರ ನವೆಂಬರ್ 21ರಂದು ಜನಿಸಿದ ಮಲ್ಯರು ತಾರುಣ್ಯದಲ್ಲೇ ವಿದ್ಯಾಭ್ಯಾಸ ತೊರೆದು ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದರು, ಸೆರೆವಾಸವನ್ನೂ ಅನುಭವಿಸಿದರು. ಸಂವಿಧಾನ ಸಭೆಯ ಸದಸ್ಯರಾಗಿದ್ದ ಅವರು 1952ರಿಂದ ಕೊನೆಯುಸಿರಿನವರೆಗೂ ಲೋಕಸಭೆಯಲ್ಲಿ ಜಿಲ್ಲೆಯ ದನಿಯಾಗಿದ್ದರು. 1956ರಲ್ಲಿ ದಕ್ಷಿಣ ಕನ್ನಡವು ಮದ್ರಾಸಿನಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯಕ್ಕೆ ಉದ್ದನೆಯ ಕರಾವಳಿ ದೊರೆತರೂ ದೊಡ್ಡ ಬಂದರೊಂದು ಇರಲಿಲ್ಲ.

ಹಳೆ ಬಂದರಿನ ತೊಡಕು ಅಳಿವೆಯಲ್ಲಿತ್ತು. ನೇತ್ರಾವತಿ, ಗುರುಪುರ ನದಿಗಳು ಒಟ್ಟಾಗಿ ಕಡಲು ಸೇರುವ ಆ ಬಾಯಿಯಲ್ಲಿ ಹೊಳೆಯ ಹೂಳು ಮತ್ತು ಅಲೆಗಳು ದಡದುದ್ದಕ್ಕೂ ಸಾಗಿಸಿ ತರುವ ಮರಳು ಸೇರಿ ನೀರಿನಡಿಯಲ್ಲಿ ದಿಣ್ಣೆ ಕಟ್ಟುತ್ತವೆ. ಮಳೆಗಾಲದಲ್ಲಿ ಹೊರಕ್ಕೆ ನುಗ್ಗುವ ನೆರೆನೀರಿಗೆ ನೈಋತ್ಯದ ಹೆದ್ದೆರೆಗಳು ಇದಿರಾದಾಗ, ಅಲೆಗಳು ಕಡಿದಾಗಿ ಎದ್ದು ದಿಣ್ಣೆಯ ಮೇಲೆ ಒಡೆಯುತ್ತವೆ. ಆದುದರಿಂದ ದೊಡ್ಡ ಹಡಗುಗಳು ದೂರದ ಕಡಲಲ್ಲೇ ಲಂಗರು ಹಾಕುತ್ತಿದ್ದವು. ಸರಕು ದೋಣಿಗಳಲ್ಲಿ ದಕ್ಕೆಗೆ ಬರುತ್ತಿತ್ತು. ಮಳೆಗಾಲದ ತಿಂಗಳುಗಳಲ್ಲಿ ಅದೂ ನಿಲ್ಲುತ್ತಿತ್ತು.

ಬಂದರಿನ ಬಾಯಿಯಲ್ಲಿ ಅಡ್ಡ ಸೆಳವು ಎಷ್ಟು ಅಪಾಯಕಾರಿ ಎಂಬುದನ್ನು ಸಣ್ಣ ಲೆಕ್ಕದಿಂದ ತಿಳಿಯಬಹುದು. ಹಡಗು 6 ನಾಟ್ ವೇಗದಲ್ಲಿ ಒಳಬರುವಾಗ ಕೇವಲ 1 ನಾಟ್ ಸೆಳವು ಪಕ್ಕದಿಂದ ತಳ್ಳಿದರೂ, 600 ಮೀಟರ್ ಸಾಗುವಷ್ಟರಲ್ಲಿ ಅದು 100 ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ವೇಗ ತಗ್ಗಿಸಿದಷ್ಟೂ ಈ ಸರಿತ ಹೆಚ್ಚು. ಮುಂಭಾಗ ಶಾಂತ ನೀರಿಗೆ ಸೇರಿ ಹಿಂಭಾಗ ಇನ್ನೂ ಸೆಳವಿನಲ್ಲಿದ್ದರೆ ಹಡಗು ತಿರುಗಿಬಿಡುವ ಭಯವೂ ಉಂಟು. ಸ್ಥಳೀಯ ನೀರನ್ನು ಬಲ್ಲ ಪೈಲಟ್ ಹಡಗನ್ನೇರಿ ಮಾರ್ಗದರ್ಶನ ನೀಡುವುದು ಇದಕ್ಕಾಗಿಯೇ.

ಅಳಿವೆಯೊಡನೆ ಸೆಣಸುವ ಬದಲು ಅದರಿಂದ ದೂರ ಸರಿಯುವುದೇ ಪರಿಹಾರವಾಯಿತು. ಉತ್ತರಕ್ಕೆ ಪಣಂಬೂರಿನಲ್ಲಿ ನೆಲವನ್ನೇ ಅಗೆದು ಕೃತಕ ಬಂದರು ನಿರ್ಮಿಸುವ ಯೋಜನೆ ಸಿದ್ಧವಾಯಿತು. ದಿಲ್ಲಿಯಲ್ಲಿ ಇದಕ್ಕಾಗಿ ಬಿಡದೆ ಶ್ರಮಿಸಿದವರು ಮಲ್ಯರು. 1962ರಲ್ಲಿ ಕೆಲಸ ಆರಂಭವಾಯಿತು. ಒಳಗಿನ ನೀರನ್ನು ಅಲೆಗಳಿಂದ ಕಾಯಲು ಬಾಯಿಯ ಎರಡೂ ಬದಿ ಸುಮಾರು 770 ಮೀಟರ್ ಉದ್ದದ ಅಲೆತಡೆಗೋಡೆಗಳು ಎದ್ದವು. ಆಳಸಮುದ್ರದಿಂದ ಹಡಗು ಬರಲು ಕಡಲತಳದಲ್ಲಿ ಕಾಲುವೆ ತೋಡಲಾಯಿತು.

ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಪಣಂಬೂರು ಪರಿಸರದ ಕುಟುಂಬಗಳು ತಲೆಮಾರುಗಳ ಮನೆ, ಗದ್ದೆ, ತೆಂಗಿನ ತೋಟಗಳನ್ನು ಬಿಟ್ಟು ಕಾಟಿಪಳ್ಳದತ್ತ ತೆರಳಿ ಹೊಸ ಬದುಕು ಕಟ್ಟಿಕೊಳ್ಳಬೇಕಾಯಿತು. ಮಲ್ಯರನ್ನು ಸ್ಮರಿಸುವಾಗ ಈ ಕುಟುಂಬಗಳ ತ್ಯಾಗವನ್ನೂ ಸ್ಮರಿಸುವುದು ನ್ಯಾಯ.

ಬಾಳಿನ ಕನಸು ನನಸಾಗುವುದನ್ನು ಕಾಣುವ ಭಾಗ್ಯ ಮಲ್ಯರಿಗಿರಲಿಲ್ಲ. ಕಾಮಗಾರಿ ನಡೆಯುತ್ತಿರುವಾಗಲೇ, 1965ರ ಡಿಸೆಂಬರ್ 19ರಂದು ಅವರು ನಿಧನರಾದರು. 1974ರ ಮೇ 4ರಂದು ನವ ಮಂಗಳೂರು ಬಂದರು ದೇಶದ ಒಂಬತ್ತನೆಯ ಮಹಾ ಬಂದರೆಂದು ಘೋಷಿತವಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. 1960ರಲ್ಲಿ ಸ್ಥಾಪನೆಯಾದ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು, ಬಜಪೆಯ ವಿಮಾನ ನಿಲ್ದಾಣಗಳ ಹಿಂದೆಯೂ ಮಲ್ಯರ ದುಡಿಮೆಯಿದೆ.

ಕಡಲು ಮಾತ್ರ ಇಂದಿಗೂ ತನ್ನ ಗುಣ ಬಿಟ್ಟಿಲ್ಲ. ಪ್ರತಿ ಮಳೆಗಾಲವೂ ಕಾಲುವೆಗೆ ಹೂಳು ತುಂಬುತ್ತದೆ, ಅದನ್ನು ಮತ್ತೆ ತೆಗೆಯಬೇಕಾಗುತ್ತದೆ. ಆದರೆ ಮಳೆಗಾಲದಲ್ಲಿ ಮುಚ್ಚುತ್ತಿದ್ದ ಊರಿನ ಕಡಲಬಾಗಿಲು ಈಗ ವರ್ಷವಿಡೀ ತೆರೆದಿರುತ್ತದೆ. ಊರಿಗೆ ಹೋದಾಗ ಪಣಂಬೂರಿನ ಕಿನಾರೆಯಲ್ಲಿ ನಿಂತು ಹಡಗುಗಳನ್ನು ತೋರಿಸುವ ಹಿರಿಯರು, ಮಕ್ಕಳಿಗೆ ಮಲ್ಯರ ಹೆಸರನ್ನೂ ತಿಳಿಸಲಿ ಎಂಬುದೇ ನಮ್ಮ ಆಶಯ.