ಜೆ.ಆರ್.ಡಿ. ಟಾಟಾ: ಭಾರತದ ಮೊದಲ ಪೈಲಟ್ ಪರವಾನಗಿ

ಖಾಸಗಿ ಪೈಲಟ್ ಪರವಾನಗಿಗಾಗಿ ಅಭ್ಯಾಸ ಮಾಡಬಯಸುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಭಾಗದ ನಾಗರಿಕರ ಮಾಹಿತಿಗಾಗಿ ಶ್ರೀ ಜೆ.ಆರ್.ಡಿ. ಟಾಟಾ ಅವರ ಜೀವನ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಜಹಾಂಗೀರ್ ರತನ್‌ಜಿ ದಾದಾಭಾಯ್ ಟಾಟಾ ಅವರು 1904ರ ಜುಲೈ 29ರಂದು ಪ್ಯಾರಿಸ್‌ನಲ್ಲಿ ಜನಿಸಿದರು. ಅವರ ತಾಯಿ ಫ್ರಾನ್ಸ್ ದೇಶದವರು. ಬೇಸಿಗೆಯಲ್ಲಿ ಕುಟುಂಬವು ತಂಗುತ್ತಿದ್ದ ಹಾರ್ಡೆಲೋ ಕಡಲತೀರದಲ್ಲಿ, ಇಂಗ್ಲಿಷ್ ಕಡಲ್ಗಾಲುವೆಯನ್ನು ವಿಮಾನದಲ್ಲಿ ಮೊದಲು ದಾಟಿದ ಲೂಯಿ ಬ್ಲೇರಿಯೋ ಅವರ ಮನೆಯೂ ಇತ್ತು. ವಿಮಾನದ ಮೇಲಿನ ಒಲವು ಅಲ್ಲಿಂದಲೇ ಆರಂಭವಾಯಿತು. ಆದರೆ ಕಲಿಯುವ ಅವಕಾಶಕ್ಕಾಗಿ 24 ವರ್ಷ ವಯಸ್ಸಿನವರೆಗೆ ಕಾಯಬೇಕಾಯಿತು. ಮುಂಬಯಿಯಲ್ಲಿ ಫ್ಲೈಯಿಂಗ್ ಕ್ಲಬ್ ಸ್ಥಾಪನೆಯಾದುದೇ 1928ರಲ್ಲಿ.

ಜುಹೂ ಮೈದಾನದಲ್ಲಿ ಅವರು ಬೋಧಕರೊಂದಿಗೆ ಸುಮಾರು ಮೂರೂಮುಕ್ಕಾಲು ಗಂಟೆ ಮಾತ್ರ ಹಾರಿ, ಬಳಿಕ ಒಬ್ಬರೇ ವಿಮಾನ ನಡೆಸಿದರು. 1929ರ ಫೆಬ್ರುವರಿ 10ರಂದು ಅವರಿಗೆ ದೊರೆತ ಪರವಾನಗಿಯ ಸಂಖ್ಯೆ 1. ಇಂದಿನ ಅರ್ಜಿದಾರರು ಇದನ್ನು ಅಳತೆಗೋಲಾಗಿ ಭಾವಿಸಬಾರದು. ಈಗ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಿಂದ ಖಾಸಗಿ ಪೈಲಟ್ ಪರವಾನಗಿ ಪಡೆಯಲು 17 ವರ್ಷ ತುಂಬಿರಬೇಕು, ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿರಬೇಕು ಹಾಗೂ ಕನಿಷ್ಠ 40 ಗಂಟೆಗಳ ಹಾರಾಟ ಪೂರೈಸಿರಬೇಕು. ವೈದ್ಯಕೀಯ ತಪಾಸಣೆಯೂ ಲಿಖಿತ ಪರೀಕ್ಷೆಗಳೂ ಪ್ರತ್ಯೇಕ. ಈ ಪರವಾನಗಿಯ ಮೇಲೆ ವಿಮಾನ ನಡೆಸಿ ಸಂಭಾವನೆ ಪಡೆಯಲು ಅವಕಾಶವಿರುವುದಿಲ್ಲ.

1930ರಲ್ಲಿ ಭಾರತ ಮತ್ತು ಇಂಗ್ಲೆಂಡ್ ನಡುವೆ ಏಕಾಂಗಿಯಾಗಿ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನ್ ಅವರು ಬಹುಮಾನ ಘೋಷಿಸಿದ್ದರು. ಟಾಟಾ ಅವರು ಕರಾಚಿಯಿಂದ ಹೊರಟರು. ಇಂಗ್ಲೆಂಡಿನಿಂದ ಹೊರಟಿದ್ದ ಆಸ್ಪಿ ಇಂಜಿನಿಯರ್ ಎಂಬ ತರುಣ ಸ್ಪಾರ್ಕ್ ಪ್ಲಗ್ ಇಲ್ಲದೆ ಈಜಿಪ್ಟಿನ ಅಬೂಕಿರ್‌ನಲ್ಲಿ ಸಿಲುಕಿದ್ದನು. ಟಾಟಾ ಅವರು ತಮ್ಮಲ್ಲಿದ್ದ ಪ್ಲಗ್ಗನ್ನು ಕೊಟ್ಟು ಮುಂದುವರಿದರು. ಬಹುಮಾನವು ಅಲ್ಪ ಅಂತರದಲ್ಲಿ ಆ ತರುಣನ ಪಾಲಾಯಿತು. ಆತನೇ 1960ರಲ್ಲಿ ಭಾರತೀಯ ವಾಯುಪಡೆಯ ಮುಖ್ಯಸ್ಥನಾದನು.

1932ರ ಅಕ್ಟೋಬರ್ 15ರಂದು ಟಾಟಾ ಅವರು ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಅಂಚೆಯನ್ನು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ತಂದರು. ಅಹಮದಾಬಾದಿನಲ್ಲಿ ಇಂಧನದ ಡಬ್ಬಿಗಳು ಬಂದದ್ದು ಎತ್ತಿನ ಗಾಡಿಯಲ್ಲಿ. ಮುಂಬಯಿಯಿಂದ ಮದ್ರಾಸಿಗೆ ಅಂಚೆ ಒಯ್ದವರು ನೆವಿಲ್ ವಿನ್ಸೆಂಟ್. ನಡುವಿನ ನಿಲ್ದಾಣ ನಮ್ಮ ಬಳ್ಳಾರಿ. ನಕ್ಷೆಯಲ್ಲಿ ಮುಂಬಯಿಯಿಂದ ಬಳ್ಳಾರಿಗೆ ನೇರ ಗೆರೆ ಎಳೆದರೆ ಅದು ಅಥಣಿಯ ಸಮೀಪದಲ್ಲೇ ಹಾದುಹೋಗುತ್ತದೆ.

ಈ ಅಂಚೆ ಸೇವೆಯೇ ಬೆಳೆದು 1946ರಲ್ಲಿ ಏರ್ ಇಂಡಿಯಾ ಆಯಿತು. 1953ರ ರಾಷ್ಟ್ರೀಕರಣವನ್ನು ಟಾಟಾ ಅವರು ಒಪ್ಪಿರಲಿಲ್ಲ. ಆದರೂ ಸಂಸ್ಥೆಯ ಅಧ್ಯಕ್ಷತೆಯನ್ನು ವಹಿಸಿಕೊಂಡು, 1978ರಲ್ಲಿ ಸರ್ಕಾರವು ಬಿಡುಗಡೆಗೊಳಿಸುವವರೆಗೂ ನಡೆಸಿದರು. 1982ರ ಅಕ್ಟೋಬರ್ 15ರಂದು, 78ನೆಯ ವಯಸ್ಸಿನಲ್ಲಿ, ಕರಾಚಿಯಿಂದ ಮುಂಬಯಿಗೆ ಹಳೆಯ ಲೆಪರ್ಡ್ ಮಾತ್ ವಿಮಾನದಲ್ಲಿ ಅವರೇ ಮತ್ತೊಮ್ಮೆ ಹಾರಿ ಬಂದರು. 1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು. 1992ರಲ್ಲಿ ಭಾರತ ರತ್ನ ಪ್ರಶಸ್ತಿ ಸಂದಿತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ನಿಧನರಾದರು.