ಭೂಲೋಕಮಲ್ಲ ಸೋಮೇಶ್ವರ: ಬೇಟೆಯನ್ನೂ ಬಾಣಸವನ್ನೂ ಬರೆದಿಟ್ಟ ಅರಸ

ನಮ್ಮ ಶಾಲೆಯು ನೂರು ಸಂವತ್ಸರಗಳನ್ನು ಪೂರೈಸಿದ ಈ ಶುಭಸಂದರ್ಭದಲ್ಲಿ ನಾಡಿನ ಹಿರಿಯರನ್ನು ಸ್ಮರಿಸುವುದು ನಮ್ಮ ಕರ್ತವ್ಯವಾಗಿದೆ. ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ನಾವು ಇಂದು ಮಹಾರಾಷ್ಟ್ರದ ಗಡಿಯಂಚಿನಲ್ಲಿರುವವರು. ಆದರೆ ಎಂಟುನೂರ ತೊಂಬತ್ತು ವರ್ಷಗಳ ಹಿಂದೆ ಈ ನೆಲ ಗಡಿಯಾಗಿರಲಿಲ್ಲ. ಒಂದು ಸಾಮ್ರಾಜ್ಯದ ನಡುಮನೆಯಾಗಿತ್ತು. ಆ ಸಾಮ್ರಾಜ್ಯದ ರಾಜಧಾನಿಯಾದ ಕಲ್ಯಾಣಕ್ಕೆ, ಎಂದರೆ ಇಂದಿನ ಬಸವಕಲ್ಯಾಣಕ್ಕೆ, ಉಮರ್ಗಾದಿಂದ ಬಸ್ಸಿನಲ್ಲಿ ಹೊರಟರೆ ಅರ್ಧ ದಿನದೊಳಗೆ ಹೋಗಿ ಬರಬಹುದು. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಪಠ್ಯಪುಸ್ತಕದ ವಂಶಾವಳಿಯಲ್ಲಿ ಓದಿ ಪರೀಕ್ಷೆಯ ಮರುದಿನ ಮರೆಯುತ್ತಾರೆ. ಮರೆಯಬಾರದ ಅರಸನೆಂದು ನಾವು ಅವನನ್ನು ಇಲ್ಲಿ ನೆನೆಯುತ್ತಿದ್ದೇವೆ.

ಸೋಮೇಶ್ವರನು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಮಗ. ತಂದೆಯು 1076ರಿಂದ 1126ರವರೆಗೆ ಐವತ್ತು ವರ್ಷ ಆಳಿದವನು. ಪಟ್ಟವೇರಿದ ವರ್ಷದಿಂದಲೇ ತನ್ನ ಹೆಸರಿನ ಶಕೆಯನ್ನು ಆರಂಭಿಸಿದವನು. ಕಾಶ್ಮೀರದಿಂದ ಬಂದ ಬಿಲ್ಹಣ ಕವಿಗೆ ಅವನ ಆಸ್ಥಾನ ಆಶ್ರಯವಾಯಿತು. ಇಂದಿಗೂ ನ್ಯಾಯಶಾಸ್ತ್ರಜ್ಞರು ಗೌರವಿಸುವ ಮಿತಾಕ್ಷರಾ ಗ್ರಂಥವನ್ನು ವಿಜ್ಞಾನೇಶ್ವರನು ರಚಿಸಿದ್ದು ಅದೇ ಕಲ್ಯಾಣದಲ್ಲಿ. ಶಸ್ತ್ರ ಮತ್ತು ಶಾಸ್ತ್ರ ಎರಡೂ ಸಮವಾಗಿ ಮನ್ನಣೆ ಪಡೆದ ಇಂತಹ ಅರಮನೆಯಲ್ಲಿ ಸೋಮೇಶ್ವರನು ಬೆಳೆದನು. ಪಟ್ಟವೇರಿದ ಮೇಲೆ ಭೂಲೋಕಮಲ್ಲನೆಂಬ ಬಿರುದು ಧರಿಸಿ ತಂದೆಯಂತೆಯೇ ತನ್ನ ಹೆಸರಿನ ಕಾಲಗಣನೆಯನ್ನು ಆರಂಭಿಸಿದನು. ವಿದ್ವಾಂಸರು ಅವನನ್ನು ಸರ್ವಜ್ಞ ಚಕ್ರವರ್ತಿಯೆಂದು ಕರೆದರು.

ಅವನ ಆಳ್ವಿಕೆ 1138ಕ್ಕೆ ಮುಗಿಯಿತು. ಸುಮಾರು ಹನ್ನೆರಡು ವರ್ಷ ಮಾತ್ರ. ಯುದ್ಧಗಳಿಂದ ಅಳೆಯುವವರಿಗೆ ಆ ಕಾಲ ಹಿರಿದಾಗಿ ಕಾಣುವುದಿಲ್ಲ. ಪೂರ್ವದಲ್ಲಿ ವೆಂಗಿನಾಡು ಮತ್ತೆ ಚೋಳರ ಪಾಲಾಯಿತು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ಸಾಮಂತನ ಕಟ್ಟನ್ನು ಕಳಚಿಕೊಳ್ಳಲು ಹವಣಿಸುತ್ತಿದ್ದನು. ಆದ್ದರಿಂದ ಕೆಲವು ಇತಿಹಾಸಕಾರರು ಸೋಮೇಶ್ವರನನ್ನು ಎರಡು ಸಾಲಿನಲ್ಲಿ ಮುಗಿಸಿ ಮುಂದೆ ಸಾಗುತ್ತಾರೆ. ಆದರೆ ತಂದೆ ಗೆದ್ದ ನಾಡುಗಳಲ್ಲಿ ಒಂದೂ ಇಂದು ಚಾಲುಕ್ಯರದಾಗಿ ಉಳಿದಿಲ್ಲ. ಮಗ ಬರೆದ ಗ್ರಂಥ ಉಳಿದಿದೆ.

ಆ ಗ್ರಂಥವೇ ಮಾನಸೋಲ್ಲಾಸ. ಅಭಿಲಷಿತಾರ್ಥಚಿಂತಾಮಣಿ ಎಂಬುದು ಅದರ ಇನ್ನೊಂದು ಹೆಸರು. ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿತವಾದ ಈ ಕೃತಿಯಲ್ಲಿ ಐದು ಭಾಗಗಳು, ಪ್ರತಿ ಭಾಗದಲ್ಲಿ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು ಅಧ್ಯಾಯಗಳಿವೆ. ಅದಕ್ಕಾಗಿಯೇ ಪ್ರತಿ ಭಾಗವನ್ನು ವಿಂಶತಿಯೆಂದು ಕರೆದಿದ್ದಾರೆ. ರಾಜ್ಯವನ್ನು ಪಡೆಯುವುದು ಹೇಗೆ, ಪಡೆದುದನ್ನು ಸ್ಥಿರಗೊಳಿಸುವುದು ಹೇಗೆ ಎಂಬಲ್ಲಿಂದ ಆರಂಭಿಸಿ ಅರಸನ ಉಪಭೋಗಗಳು, ವಿನೋದಗಳು, ಕ್ರೀಡೆಗಳವರೆಗೆ ಗ್ರಂಥ ಸಾಗುತ್ತದೆ. ಮನೆ ಕಟ್ಟುವುದು, ಚಿತ್ರ ಬರೆಯುವುದು, ಆನೆ ಕುದುರೆಗಳ ಲಕ್ಷಣ, ರತ್ನಪರೀಕ್ಷೆ, ಸಂಗೀತ, ನೃತ್ಯ, ಔಷಧ, ಎಲ್ಲವೂ ಅಲ್ಲಿವೆ. ಚಕ್ರವರ್ತಿಯೊಬ್ಬನು ಅಡುಗೆಮನೆಯ ಹೊಗೆಯಲ್ಲಿ ನಿಂತು ನೋಡಿದಂತೆ, ಬೇಟೆಗಾರನ ಜೊತೆ ಪೊದೆಯ ಹಿಂದೆ ಕುಳಿತು ಕಲಿತಂತೆ ಬರೆದ ಅಧ್ಯಾಯಗಳೇ ನಮಗೆ ಅತ್ಯಂತ ಪ್ರಿಯವಾದವು.

ನಾಲ್ಕನೆಯ ವಿಂಶತಿಯ ವಿನೋದಗಳಲ್ಲಿ ಪ್ರಾಣಿಪಕ್ಷಿಗಳಿಗೆ ದೊಡ್ಡ ಪಾಲಿದೆ. ಕೋಳಿ ಅಂಕ, ಟಗರಿನ ಕಾಳಗ, ಕೋಣನ ಕಾಳಗ, ಪಾರಿವಾಳ, ಬೇಟೆನಾಯಿ, ಮೀನು ಹಿಡಿಯುವುದು, ಮೃಗಬೇಟೆ ಇವುಗಳಿಗೆಲ್ಲ ಬೇರೆ ಬೇರೆ ಅಧ್ಯಾಯಗಳಿವೆ. ಲಾವುಗೆ ಹಕ್ಕಿಯ ಕಾಳಗಕ್ಕೂ ಒಂದು ಅಧ್ಯಾಯವುಂಟು. ನಮ್ಮ ಹೊಲಗಳ ಕಡಲೆ ಜೋಳದ ಸಾಲುಗಳಿಂದ ಬುರ್ರೆಂದು ಹಾರುವ ಅದೇ ಪುಟ್ಟ ಲಾವಕ್ಕಿ! ಶ್ಯೇನವಿನೋದದಲ್ಲಿ ಗಿಡುಗವನ್ನು ಹಿಡಿಯುವ, ಪಳಗಿಸುವ, ಮುಂಗೈಯ ಮೇಲೆ ಕೂರಿಸುವ, ಆಹಾರ ಕೊಡುವ, ಕಾಯಿಲೆಯಾದಾಗ ಆರೈಕೆ ಮಾಡುವ, ಕೊನೆಗೆ ಹಕ್ಕಿಗಳ ಮೇಲೆ ಬಿಡುವ ಕ್ರಮವಿದೆ. ಮೃಗಯಾವಿನೋದದಲ್ಲಿ ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡುಜಿಂಕೆಯನ್ನು ಸೆಳೆಯುವ ಉಪಾಯವಿದೆ. ಮೀನುಗಳಂತೂ ನದಿಯವು, ಕಡಲಿನವು ಸೇರಿ ಮೂವತ್ತೈದು ಬಗೆಯವು ವರ್ಣಿತವಾಗಿವೆ. ಯಾವುದಕ್ಕೆ ಯಾವ ಮೇವು ಹಾಕಬೇಕೆಂಬುದನ್ನೂ ಅರಸನು ಬಿಟ್ಟಿಲ್ಲ.

ಈ ವಿದ್ಯೆ ಅರಮನೆಯಲ್ಲಿ ಹುಟ್ಟಿದ್ದಲ್ಲ, ಬಯಲಿನಲ್ಲಿ ಹುಟ್ಟಿದ್ದು. ನಮ್ಮ ಸೀಮೆಯ ಬರಡು ಮಾಳಗಳಲ್ಲಿ ಗೌಜಲ ಹಕ್ಕಿ ಇಂದಿಗೂ ಕೂಗುತ್ತದೆ. ಕಲ್ಲುನೆಲದ ಮೇಲೆ, ನೋಡಿದರೂ ಕಾಣದಂತೆ ಮಣ್ಣಿನ ಬಣ್ಣದಲ್ಲಿ ಅಡಗಿರುವ ಕಲ್ಲುಗೌಜಲ ಉಂಟು. ಮರಾಠಿ ಮಾತಾಡುವ ನೆರೆಯವರು ಅದನ್ನು ಪಖುರ್ಡಿ ಎನ್ನುತ್ತಾರೆ. ಇಂಗ್ಲಿಷರು ತಮ್ಮ ನಾಡಿನ ಗ್ರೌಸ್ ಹಕ್ಕಿಯ ಹೆಸರನ್ನು ಇದಕ್ಕೂ ಅಂಟಿಸಿದರು. ವಾಸ್ತವವಾಗಿ ಇದರ ಕುಲವೇ ಬೇರೆ. ಒಣಕಾಳು ತಿಂದು ಬದುಕುವ ಈ ಹಕ್ಕಿಗೆ ನೀರು ಬೇಕೇ ಬೇಕು. ಬಿಸಿಲೇರುವ ಹೊತ್ತಿಗೆ ಗುಂಪುಗೂಡಿ ದೂರದ ಕೆರೆಗೆ ಹಾರಿಬಂದು, ಕೆಲವೇ ಗುಟುಕು ಕುಡಿದು ಹಿಂದಿರುಗುತ್ತದೆ. ಗಂಡುಹಕ್ಕಿ ಎದೆಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಹೋಗಿ ಮರಿಗಳಿಗೆ ಕುಡಿಸುತ್ತದೆ. ಬೇಟೆಗಾರನು ಕೆರೆಯ ದಡದಲ್ಲಿ ಕಾಯುತ್ತಿದ್ದುದು ಈ ಹೊತ್ತನ್ನು ಅರಿತೇ. ಹಕ್ಕಿಯ ದಿನಚರಿಯನ್ನು ಬಲ್ಲವನಿಗಲ್ಲದೆ ಹಕ್ಕಿ ದೊರೆಯುತ್ತಿರಲಿಲ್ಲ.

ಬೇಟೆಯಿಂದ ಬಾಣಸಕ್ಕೆ ಬರೋಣ. ಮೂರನೆಯ ವಿಂಶತಿಯ ಅನ್ನಭೋಗವೆಂಬ ಅಧ್ಯಾಯ ಕನ್ನಡನಾಡಿನ ಅಡುಗೆಯ ಇತಿಹಾಸಕ್ಕೆ ದೊಡ್ಡ ಆಧಾರ. ಅಕ್ಕಿಯ ಬಗೆಗಳು, ತಾಮ್ರದ ಅಥವಾ ಮಣ್ಣಿನ ಪಾತ್ರೆಯಲ್ಲಿ ಅನ್ನ ಬೇಯಿಸುವ ರೀತಿ, ಬೇಳೆಯ ಪಾಕ, ಹಾಲು ಮೊಸರಿನ ಪದಾರ್ಥಗಳು ಅಲ್ಲಿ ಕ್ರಮವಾಗಿ ಬರುತ್ತವೆ. ಉದ್ದಿನ ಹಿಟ್ಟಿನ ಇಡ್ಡರಿಕಾ, ದೋಸಕ, ವಟಕ ಎಂಬ ಹೆಸರುಗಳನ್ನು ಓದಿದಾಗ ನಮ್ಮ ಮಕ್ಕಳು ಬೆರಗಾಗುತ್ತಾರೆ. ಕಡಲೆಯ ಹೂರಣವನ್ನು ಗೋದಿಯ ಕಣಕದಲ್ಲಿ ತುಂಬಿ ಹಂಚಿನ ಮೇಲೆ ಬೇಯಿಸುವ ವೇಷ್ಟಿಕಾ ನಮ್ಮ ಹೋಳಿಗೆಯ ಪೂರ್ವಜ. ಅದನ್ನು ಕನ್ನಡದ ಮನೆಯಲ್ಲಿ ಹೋಳಿಗೆಯೆಂದೂ ಮರಾಠಿ ಮನೆಯಲ್ಲಿ ಪೂರಣಪೋಳಿಯೆಂದೂ ಕರೆಯುವುದು ಉಮರ್ಗಾದ ಒಂದೇ ಓಣಿಯಲ್ಲಿ ಕೇಳಿಬರುತ್ತದೆ.

ಮಾಂಸಪಾಕದ ಭಾಗ ಇನ್ನೂ ವಿಸ್ತಾರವಾದುದು. ಶುದ್ಧಿ ಮಾಡುವ ಬಗೆ, ತುಂಡರಿಸುವ ಅಳತೆ, ಸಂಬಾರ ಬೆರೆಸುವ ಹೊತ್ತು, ಉರಿಯ ಹದ, ಎಲ್ಲವನ್ನೂ ಅರಸನು ಹೇಳುತ್ತಾನೆ. ಭಡಿತ್ರಕವೆಂಬುದು ಅವುಗಳಲ್ಲಿ ಪ್ರಸಿದ್ಧವಾದ ಪಾಕ: ಮಾಂಸದ ತುಂಡುಗಳಲ್ಲಿ ರಂಧ್ರಮಾಡಿ ಸಂಬಾರ ತುಂಬಿ, ಸಲಾಕೆಗೆ ಪೋಣಿಸಿ ಕೆಂಡದ ಮೇಲೆ ಸುಡುವುದು. ಹಿಂಗು, ಶುಂಠಿ, ಜೀರಿಗೆ, ಕಾಳುಮೆಣಸು, ಸೈಂಧವ ಲವಣ, ಹುಳಿರಸ ಇವೇ ಆ ಕಾಲದ ರುಚಿಗಳು. ಇಂದು ನಮ್ಮ ಸೀಮೆಯ ಸಾರಿಗೆ ಜೀವವಾದ ಮೆಣಸಿನಕಾಯಿ ಪೋರ್ಚುಗೀಸರು ಬಂದ ನಂತರ ಈ ನಾಡಿಗೆ ಕಾಲಿಟ್ಟಿತು. ಸೋಮೇಶ್ವರನ ನಾಲಿಗೆ ಅದನ್ನು ಕಂಡಿರಲಿಲ್ಲ. ಬಯಲ ಹಕ್ಕಿಯ ಮಾಂಸದಲ್ಲಿ ಕೊಬ್ಬು ಕಡಿಮೆ, ಬಿರುಸು ಹೆಚ್ಚು. ಬರೀ ಉರಿಗೆ ಹಿಡಿದರೆ ಒಣಗಿ ನಾರಾಗುತ್ತದೆ. ಹುಳಿಯಲ್ಲಿ ನೆನೆಸಿ, ತುಪ್ಪವೋ ಎಣ್ಣೆಯೋ ಸವರಿ, ಸಣ್ಣ ಉರಿಯಲ್ಲಿ ಬೇಯಿಸುವ ಪದ್ಧತಿಗೆ ಇದೇ ಕಾರಣ.

ಅಡುಗೆಯು ವೈದ್ಯದ ಭಾಗವೆಂಬ ನಂಬಿಕೆ ಅಂದು ಬಲವಾಗಿತ್ತು. ಲಾವುಗೆ, ತಿತ್ತಿರಿ ಮೊದಲಾದ, ಕಾಲಿನಿಂದ ಕೆದರಿ ತಿನ್ನುವ ಹಕ್ಕಿಗಳನ್ನು ಚರಕ ಸುಶ್ರುತರು ವಿಷ್ಕಿರಗಳೆಂದು ಒಂದು ವರ್ಗ ಮಾಡಿ, ಅವುಗಳ ಮಾಂಸ ಜೀರ್ಣಕ್ಕೆ ಹಗುರವೆಂದು ರೋಗಿಗಳಿಗೆ ವಿಧಿಸಿದ್ದರು. ಅದೇ ಬಂಧುಬಳಗದ ಚಕೋರವು ವಿಷ ಬೆರೆತ ಅನ್ನವನ್ನು ಕಂಡೊಡನೆ ಕಣ್ಣಿನ ಬಣ್ಣ ಬದಲಿಸುತ್ತದೆಯೆಂಬ ನಂಬಿಕೆಯೂ ಹಳೆಯ ವೈದ್ಯಗ್ರಂಥಗಳಲ್ಲಿದೆ. ಹೀಗೆ ಒಂದೇ ಹಕ್ಕಿಯ ಕುಲ ಬೇಟೆಗಾರನಿಗೆ ಗುರಿ, ಬಾಣಸಿಗನಿಗೆ ಪದಾರ್ಥ, ವೈದ್ಯನಿಗೆ ಪಥ್ಯ, ಅರಸನಿಗೆ ಕಾವಲು ಆಗಿತ್ತು. ಇವೆಲ್ಲವನ್ನೂ ಒಟ್ಟಿಗೆ ನೋಡುವ ಕಣ್ಣು ಸೋಮೇಶ್ವರನಿಗಿತ್ತು.

ಈ ಅಭಿರುಚಿ ಅವನಿಗೆ ಒಮ್ಮೆಗೇ ಒದಗಿದ್ದಲ್ಲ. ಅವನಿಗಿಂತ ಒಂದು ಶತಮಾನ ಮೊದಲು, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಇಮ್ಮಡಿ ಚಾವುಂಡರಾಯನು ಲೋಕೋಪಕಾರವೆಂಬ ಕನ್ನಡ ಗ್ರಂಥದಲ್ಲಿ ಸಸ್ಯಾಹಾರದ ಪಾಕವನ್ನು ಬರೆದಿದ್ದನು. ದಿನಬಳಕೆಯ ತಿಳಿವಳಿಕೆಯೂ ಬರಹಕ್ಕೆ ಅರ್ಹವೆಂಬ ಪರಂಪರೆ ಕನ್ನಡನಾಡಿನಲ್ಲಿ ಆಗಲೇ ಬೇರೂರಿತ್ತು. ವಿದ್ಯೆಯ ಬೆಳಕು ರಾಜಧಾನಿಗಷ್ಟೇ ಸೀಮಿತವಾಗಿಯೂ ಇರಲಿಲ್ಲ. ಲಾತೂರಿನ ಪಾಪವಿನಾಶಕ ದೇವಾಲಯದಲ್ಲಿ ದೊರೆತ ಸೋಮೇಶ್ವರನ ಕಾಲದ ಶಾಸನವು ಅಂದಿನ ಲತ್ತಲೂರಿನಲ್ಲಿ ಐನೂರು ವಿದ್ವಾಂಸರಿದ್ದರೆಂದು ಹೇಳುತ್ತದೆ. ನಿಲಂಗಾ, ಉದಗೀರದ ನಮ್ಮ ಮಕ್ಕಳಿಗೆ ಲಾತೂರು ಜಿಲ್ಲಾ ಕಚೇರಿಯ ಊರು, ಕಾಲೇಜಿನ ಊರು. ಅದು ವಿದ್ಯೆಯ ಊರಾದದ್ದು ಇಂದು ನಿನ್ನೆಯಲ್ಲ.

ಮಾನಸೋಲ್ಲಾಸದ ಇನ್ನೊಂದು ವಿಷಯವನ್ನು ಗಡಿನಾಡಿನ ನಾವು ವಿಶೇಷವಾಗಿ ಗಮನಿಸಬೇಕು. ಸಂಗೀತದ ಪ್ರಸಂಗದಲ್ಲಿ ಅರಸನು ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಹಾಡುವ ಓವಿಯನ್ನು ಉಲ್ಲೇಖಿಸಿದ್ದಾನೆ. ಕನ್ನಡದ ದೊರೆ, ಸಂಸ್ಕೃತದ ಗ್ರಂಥ, ಮರಾಠಿ ಹೆಣ್ಣುಮಕ್ಕಳ ಒನಕೆಯ ಹಾಡು! ಒಂದು ಭಾಷೆಯನ್ನು ಪ್ರೀತಿಸಲು ಮತ್ತೊಂದನ್ನು ದೂರವಿಡಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಹಿರಿಯ ಸಾಕ್ಷಿ ಬೇಕಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಉದಗೀರ, ನಿಲಂಗಾಗಳು ಬೀದರ ಜಿಲ್ಲೆಯಲ್ಲಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಬೀದರದಿಂದ ಬೇರೆಯಾದವು. ಗೆರೆ ಬದಲಾದರೂ ಹೋಳಿಗೆಯೂ ಓವಿಯೂ ಗೌಜಲದ ಕೂಗೂ ಬದಲಾಗಲಿಲ್ಲ.

ಸೋಮೇಶ್ವರನ ಜೀವನವನ್ನು ಹೊಗಳಿಕೆಯಿಂದಷ್ಟೇ ಮುಗಿಸುವುದು ನ್ಯಾಯವಲ್ಲ. ಅವನು ವರ್ಣಿಸಿದ ಬೇಟೆ ಅರಸನ ವಿನೋದ. ಆ ವಿನೋದಕ್ಕೆ ವಿದ್ಯೆಯನ್ನು ಕೊಟ್ಟವರು ಬಲೆಗಾರರು, ಬೇಡರು. ಅವರ ಹೆಸರುಗಳು ನಮಗೆ ದೊರೆತಿಲ್ಲ. ಕುದುರೆಬಾಲದ ಕೂದಲಿನಿಂದ ಉರುಳು ಹೆಣೆದು ಗೌಜಲ ಹಿಡಿಯುತ್ತಿದ್ದ ಪಾರಧಿಗಳು ಅದೇ ವಿದ್ಯೆಯ ವಾರಸುದಾರರು. ಅರಸನ ಬೇಟೆ ಶಾಸ್ತ್ರವೆನಿಸಿಕೊಂಡಿತು. ಹಸಿದವನ ಬೇಟೆಗೆ ಆ ಮನ್ನಣೆ ಸಿಗಲಿಲ್ಲ. ಬ್ರಿಟಿಷರ 1871ರ ಕಾಯಿದೆಯಂತೂ ಅನೇಕ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಿತು. ಆ ಕಳಂಕ ಕಾಗದದ ಮೇಲೆ ಅಳಿದದ್ದು 1952ರಲ್ಲಿ. ಜನರ ಮನಸ್ಸಿನಿಂದ ಅದನ್ನು ಅಳಿಸುವ ಕೆಲಸ ಶಾಲೆಗಳದ್ದು. ತಂದೆತಾಯಿಗಳು ಹಕ್ಕಿ ಹಿಡಿಯುವವರಾಗಿದ್ದರೆಂದು ಯಾವ ಮಗುವೂ ತರಗತಿಯಲ್ಲಿ ತಲೆತಗ್ಗಿಸಬಾರದು. ಆ ತಂದೆಯ ತಿಳಿವಳಿಕೆಯನ್ನೇ ಒಬ್ಬ ಚಕ್ರವರ್ತಿ ಗ್ರಂಥವಾಗಿಸಿದನೆಂದು ಅದಕ್ಕೆ ನಾವು ತಿಳಿಹೇಳಬೇಕು.

ಕಲ್ಯಾಣದ ಕಥೆಯೂ ಸೋಮೇಶ್ವರನೊಡನೆ ನಿಲ್ಲಲಿಲ್ಲ. ಅವನ ನಂತರ ಜಗದೇಕಮಲ್ಲ ಆಳಿದನು. ಅವನೂ ಸಂಗೀತಶಾಸ್ತ್ರದ ಗ್ರಂಥವನ್ನು ರಚಿಸಿದ ವಿದ್ವಾಂಸ. ಆಮೇಲೆ ಸಿಂಹಾಸನ ಕಳಚುರಿ ಬಿಜ್ಜಳನ ಕೈಸೇರಿತು. ಬಸವಣ್ಣನವರು ಮತ್ತು ಶರಣರು ಸಕಲ ಜೀವಿಗಳ ಬಗೆಗಿನ ದಯೆಯನ್ನೇ ಧರ್ಮದ ಬೇರೆಂದು ಸಾರಿದ್ದು ಅದೇ ನಗರದಲ್ಲಿ, ಭೂಲೋಕಮಲ್ಲನು ತೀರಿದ ಕೆಲವೇ ದಶಕಗಳೊಳಗೆ. ಗಿಡುಗ ಬಿಟ್ಟು ಹಕ್ಕಿ ಹಿಡಿಸಿದ ಅರಮನೆಯ ಊರಿನಲ್ಲೇ ಅನುಭವ ಮಂಟಪದ ಮಾತು ಹುಟ್ಟಿತು. ಶರಣರ ದಾರಿಯಲ್ಲಿ ನಡೆಯುವ ಮನೆಗಳ ಮಕ್ಕಳೂ, ಮಾಂಸಾಹಾರದ ಮನೆಗಳ ಮಕ್ಕಳೂ ನಮ್ಮ ಶಾಲೆಯ ಒಂದೇ ಬೆಂಚಿನ ಮೇಲೆ ಕೂರುತ್ತಾರೆ. ಇಬ್ಬರಿಗೂ ಕಲ್ಯಾಣವೇ ತವರು. ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇಂದು ಗೌಜಲವನ್ನಾಗಲಿ ಕಲ್ಲುಗೌಜಲವನ್ನಾಗಲಿ ಬೇಟೆಯಾಡುವುದಕ್ಕೆ ಅವಕಾಶವಿಲ್ಲ, ಅದು ಆಗಬೇಕಾದದ್ದೇ. ಬೇಟೆ ನಿಂತಿತೆಂದು ಹಕ್ಕಿಯ ಅರಿವೂ ನಿಲ್ಲಬೇಕಾಗಿಲ್ಲ.

ಸೋಮೇಶ್ವರನು ತಂದೆಯ ಚರಿತ್ರೆಯಾದ ವಿಕ್ರಮಾಂಕಾಭ್ಯುದಯವನ್ನೂ ಬರೆಯತೊಡಗಿದ್ದನು. ಅದು ನಮಗೆ ಅಪೂರ್ಣವಾಗಿಯೇ ದೊರೆತಿದೆ. ಅರಸರ ಪ್ರತಾಪದ ಕಥೆ ಅರ್ಧಕ್ಕೆ ನಿಂತಿತು, ಅಡುಗೆ, ಹಕ್ಕಿ, ಮೀನು, ಒನಕೆಯ ಹಾಡುಗಳ ಪುಸ್ತಕ ಪೂರ್ಣವಾಯಿತು. ಬರೋಡೆಯ ಪ್ರಾಚ್ಯ ಗ್ರಂಥಮಾಲೆಯಲ್ಲಿ ಮಾನಸೋಲ್ಲಾಸದ ಮೊದಲ ಸಂಪುಟ 1925ರಲ್ಲಿ ಅಚ್ಚಾಯಿತು. ಎಂದರೆ ನಮ್ಮ ಶಾಲೆಗೂ ಆ ಮುದ್ರಿತ ಪುಸ್ತಕಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಇಂದು ನಮ್ಮ ಊರುಗಳಲ್ಲಿ ಗೌಜಲದ ಕೂಗನ್ನು ಕೇಳಿ ಮಳೆ ಬಿಸಿಲು ಹೇಳಬಲ್ಲ ಅಜ್ಜಂದಿರಿದ್ದಾರೆ, ಹೂರಣದ ಹದವನ್ನು ಬೆರಳಿನಿಂದಲೇ ಅರಿಯುವ ಅಜ್ಜಿಯಂದಿರಿದ್ದಾರೆ. ಅವರಲ್ಲಿ ಹಲವರಿಗೆ ಅಕ್ಷರ ಬಾರದು. ಅವರ ಮೊಮ್ಮಕ್ಕಳಿಗೆ ಬರುತ್ತದೆ. ಆ ಮೊಮ್ಮಕ್ಕಳು ನಮ್ಮ ವಿದ್ಯಾರ್ಥಿಗಳು. ಹಿರಿಯರ ಬಾಯಿಂದ ಕೇಳಿದ್ದನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ, ಮರಾಠಿಯ ಮಾತು ಬಂದಲ್ಲಿ ಅದನ್ನೂ ಬರೆಯಿರಿ ಎಂದು ಈ ಶತಮಾನೋತ್ಸವದ ವರ್ಷದಲ್ಲಿ ನಾವು ಅವರನ್ನು ಕೇಳಿಕೊಳ್ಳುತ್ತೇವೆ. ಭೂಲೋಕಮಲ್ಲನಿಗೆ ಸಲ್ಲಬೇಕಾದ ಗೌರವ ಅದೇ ಎಂದು ನಾವು ತಿಳಿದಿದ್ದೇವೆ.